ಬೈಕಿನ ಹೊಟ್ಟೆಯ ಕೆಳಗೊಂದು ಕನ್ನಡಿ

ಮಾರ್ಚ್ 15, 1997. ಶನಿವಾರ

ಬೆಳಿಗ್ಗೆ ಎಂಟು ಬಂಪರ್ ಉಜ್ಜಿದೆ. ಮಧ್ಯಾಹ್ನ ಟ್ರಕ್ಕಿನ ಎರಡು ಗ್ರಿಲ್. ಸೀನಿದರೆ ಇನ್ನೂ ಕಪ್ಪಗೇ ಬರುತ್ತಿದೆ. ಕೂಬಿಯಾಕ್ ಅವರ ಕ್ರೋಮ್ ಲೇಪದ ಅಂಗಡಿಯಲ್ಲಿ ಪಾಲಿಶ್ ಚಕ್ರದ ಮುಂದೆ ನಿಂತು ಇಪ್ಪತ್ತೊಂದು ವರ್ಷವಾಯಿತು. ಉಗುರಿನ ಬುಡದ ಈ ಮಸಿ ಇನ್ನು ಸೋಪಿಗೆ ಹೋಗುವಂಥದ್ದಲ್ಲ.

ಮೂರು ಗಂಟೆಗೇ ಹೊರಟು ಹೋಗಿ ಬೈಕ್ ತಂದೆ. ನಿವೃತ್ತ ಸಂಗೀತದ ಟೀಚರ್ ಒಬ್ಬರದು, ಏಳು ವರ್ಷ ಹಳೆಯದು. ಇನ್ನೂರೈವತ್ತು ಸಿಸಿ. ಚಿಕ್ಕದು, ಆದರೆ ಕ್ರೂಸರ್ ಅಂದರೆ ಕ್ರೂಸರೇ — ಮುಂದಕ್ಕೆ ಚಾಚಿದ ಚಕ್ರ, ತಗ್ಗಿದ ಸೀಟು, ಹೊಟ್ಟೆ ತುಂಬಿದ ಟ್ಯಾಂಕು. ಕೂತರೆ ಎರಡೂ ಕಾಲು ನೆಲಕ್ಕೆ ಊರುತ್ತವೆ. ನಲವತ್ತೆಂಟನೇ ವಯಸ್ಸಿಗೆ ಮೊದಲ ಸಲ ನನ್ನ ಹೆಸರಿನ ಬೈಕು.

ವರ್ಲಿನ್ ನೋಡಿದರೆ ಹಲ್ಲು ಕಿರಿಯುತ್ತಾನೆ. ಕಿರಿಯಲಿ. ಆಗಸ್ಟ್ ತನಕ ಕಿರಿಯಲಿ.

ಮಾರ್ಚ್ 16

ಯಾರೂ ಓದುವುದಿಲ್ಲ, ಆದರೂ ಒಮ್ಮೆ ನೆಟ್ಟಗೆ ಬರೆದುಬಿಡುತ್ತೇನೆ.

ವರ್ಲಿನ್ ನನ್ನ ಗಂಡ. ಗಂಡನಾಗಿದ್ದ — ಹೋದ ಅಕ್ಟೋಬರ್ ತನಕ. ಅವನ ದೊಡ್ಡ ಬೈಕಿಗೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಡೆಯುವ ಆಗಸ್ಟ್ ಪ್ರದರ್ಶನದಲ್ಲಿ ಹತ್ತೊಂಬತ್ತು ವರ್ಷ ಸತತ ಮೊದಲ ಬಹುಮಾನ. ಆ ಹತ್ತೊಂಬತ್ತು ವರ್ಷವೂ ಅದನ್ನು ಉಜ್ಜಿದವಳು ನಾನು. ಚಕ್ರದ ಒಂದೊಂದು ಕಡ್ಡಿ, ಒಂದೊಂದು ಬೋಲ್ಟಿನ ತಲೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ. ಪ್ರದರ್ಶನದಲ್ಲಿ ಪ್ರತಿ ಬೈಕಿಗೂ ಒಂದು ಕಾರ್ಡ್ ತಗುಲಿಸುತ್ತಾರೆ. ಅದರಲ್ಲೊಂದು ಸಾಲು — ಕೆಲಸ ಮಾಡಿದವರು ಯಾರು? ಪ್ರತಿ ವರ್ಷವೂ ಬರೆಯುತ್ತಿದ್ದ — ‘ನಾನೇ’.

ಎಂಬತ್ನಾಲ್ಕರಲ್ಲಿ ಒಮ್ಮೆ ಕೇಳಿದ್ದೆ, ನನ್ನ ಹೆಸರೂ ಹಾಕಬಹುದಲ್ಲ ಅಂತ. "ಉಜ್ಜೋದು ಕೆಲಸ ಅಲ್ಲ ಕಣೇ. ಅದು ಒರೆಸೋದು" ಅಂದ. ನಾನು ನಕ್ಕಿದ್ದೆ ಕೂಡ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಹೋಗುವಾಗ ಬೈಕ್ ಒಯ್ದ, ಹತ್ತೊಂಬತ್ತು ಟ್ರೋಫಿ ಒಯ್ದ. ದಂತವೈದ್ಯರ ಆಫೀಸಿನಲ್ಲಿ ಫೋನ್ ಎತ್ತುವ ಶಾರ್ಲೀನ್ ಜೊತೆ ಹೊಸ ಮನೆ. ನನಗೆ ಬಿಟ್ಟದ್ದು ಚಿಂದಿ ಬಟ್ಟೆಯ ಡಬ್ಬ.

ಅವನು ವಾಪಸ್ ಬರಬೇಕು ಅಂತಲ್ಲ, ಥೂ. ಆ ಹೊಳಪು ನನ್ನದು ಅಂತ ಊರಿಗೆಲ್ಲ ಗೊತ್ತಾಗಬೇಕು. ಅದೇ ಅಂಗಳದಲ್ಲಿ, ಅವನ ಮುಖದ ಮುಂದೆ. ಅಷ್ಟು ಸಾಕು.

ಏಪ್ರಿಲ್ 6. ಭಾನುವಾರ

ಬೈಕ್ ಸಾಮಾನಿನ ಕ್ಯಾಟಲಾಗ್ ತರಿಸಿದೆ. ಮುನ್ನೂರು ಪುಟ. ನನ್ನ ಬೈಕಿಗೆ ಅರ್ಧ ಪುಟ! ಒಂದು ವಿಂಡ್‌ಶೀಲ್ಡ್, ಒಂದು ಜೊತೆ ಚರ್ಮದ ಚೀಲ. ಮಿಕ್ಕಿದ್ದೆಲ್ಲ ದೊಡ್ಡವರಿಗೆ.

ಸರಿ, ಅಡುಗೆಮನೆಗೆ ನುಗ್ಗಿದೆ. ಪೈ ಬೇಯಿಸುವ ಅಜ್ಜಿಯ ಕಾಲದ ಸ್ಟೀಲ್ ತಟ್ಟೆ — ಏರ್ ಫಿಲ್ಟರಿನ ಮುಚ್ಚಳಕ್ಕೆ ಅಳತೆ ಮಾಡಿಸಿದಂತಿದೆ. ಎರಡು ಸೂಪಿನ ಸೌಟು ಕತ್ತರಿಸಿದರೆ ಇಂಡಿಕೇಟರ್‌ಗಳಿಗೆ ಹುಬ್ಬು. ಬಚ್ಚಲಿನ ಟವಲ್ ಸರಳನ್ನು ಬಗ್ಗಿಸಿದರೆ ಹಿಂದಿನ ಒರಗು ಕಂಬಿ. ಕೆಲಸ ಮುಗಿದ ಮೇಲೆ ಕ್ರೋಮ್ ಹಾಕಿಕೊಳ್ಳಲು ಕೂಬಿಯಾಕ್ ಒಪ್ಪಿದರು.

"ಪೈ ಯಾವುದ್ರಲ್ಲಿ ಮಾಡ್ತೀಯಮ್ಮ ಇನ್ಮೇಲೆ?"

"ಮಾಡಲ್ಲ ಬಾಸ್. ತಿನ್ನೋನು ಹೋದ."

ಅವರು ಕೆಮ್ಮಿ ಆಚೆ ಹೋದರು.

ಮೇ 3. ಶನಿವಾರ

ಈ ಸಲದ ಮೊದಲ ಬೈಕ್ ಸಂಜೆ. ಐಸ್‌ಕ್ರೀಂ ಅಂಗಡಿಯ ಮುಂದೆ ಎಲ್ಲರೂ ಸಾಲಾಗಿ ನಿಲ್ಲಿಸಿದ್ದರು. ನಾನೂ ಹೋದೆ. ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ.

ವರ್ಲಿನ್ ಕೋನ್ ನೆಕ್ಕುತ್ತಲೇ ಬಂದ. ಸುತ್ತ ಒಂದು ಸುತ್ತು ಹಾಕಿದ.

"ಏನೇ ರೋವೀನಾ ಇದು, ಹೊಲಿಗೆ ಮಷೀನಾ? ನಮ್ಮನೆ ಕಿಟಕಿ ಪರದೆ ಹರಿದಿದೆ, ಹೊಲಿದು ಕೊಡ್ತೀಯಾ?"

ಎಲ್ಲ ನಕ್ಕರು. ಶಾರ್ಲೀನ್ ಕೂಡ. ಅವಳ ತಮ್ಮ ಡ್ವೇನ್ ಎಲ್ಲರಿಗಿಂತ ಜೋರಾಗಿ.

"ನಿನ್ನ ಬಾಯಿಗೂ ಎರಡು ಹೊಲಿಗೆ ಹಾಕ್ಲಾ?" ಅಂದೆ. ಚೀಲದ ಬಕಲ್ ಸರಿಮಾಡುವವಳಂತೆ ಬಗ್ಗಿದೆ.

ಆಗ ಕಾಣಿಸಿತು — ಅವನ ಬೈಕು. ಅಯ್ಯೋ ದೇವರೇ! ಸೈಲೆನ್ಸರ್ ಮೇಲೆ ಹಳದಿ ಜಂಗು. ಎಂಜಿನ್ನಿನ ಬದಿಯೆಲ್ಲ ಬಿಳಿ ಚುಕ್ಕೆ. ಏಳೇ ತಿಂಗಳಲ್ಲಿ! ಮನೆ ತನಕ ಹೆಲ್ಮೆಟ್ಟಿನೊಳಗೆ ನಗುತ್ತಾ ಬಂದೆ.

ಮೇ 19

ಟ್ಯಾಂಕಿಗೆ ಬೆಣ್ಣೆ ಬಣ್ಣ ಹೊಡೆಸಿದೆ. ಸೌಟುಗಳು ಕೂತವು. ಚೆಂದ ಕಾಣುತ್ತಿದೆ, ನಾನೇ ಹೇಳಿಕೊಳ್ಳಬೇಕು.

ಜೂನ್ 24. ಮಂಗಳವಾರ

ಊಟ ಕೂಡ ಮಾಡದೆ ಬರೆಯಲು ಕೂತಿದ್ದೇನೆ.

ಡ್ವೇನ್ ಅಂಗಡಿಗೆ ಒಂದು ಪೆಟ್ಟಿಗೆ ತಂದ. ಚೀಟಿಯಲ್ಲಿ ತನ್ನ ಹೆಸರು ಬರೆಸಿದ. "ನನ್ನ ಫ್ರೆಂಡ್‌ದು. ಆಗಸ್ಟ್‌ಗೆ ಮುಂಚೆ ಬೇಕು" ಅಂದ, ನನ್ನ ಕಡೆ ನೋಡದೆ. ಪೆಟ್ಟಿಗೆ ನನ್ನ ಮೇಜಿಗೇ ಬಂತು. ಬಿಚ್ಚಿದೆ. ಎಂಜಿನ್ನಿನ ಮುಚ್ಚಳ, ಸರಪಳಿಯ ಮುಚ್ಚಳ, ಎಲ್ಲದರ ಕೆಳಗೆ ಎಂಜಿನ್ನಿನ ಹೊಟ್ಟೆಗೆ ಹಾಕುವ ಉದ್ದ ತಟ್ಟೆ. ಅದರ ಮೂಲೆಯಲ್ಲಿ ಒಂದು ತಗ್ಗು, ಉಗುರಿನಷ್ಟು.

ಆ ತಗ್ಗು ನಾನು ಮಾಡಿದ್ದು. ಎಂಬತ್ತಾರರಲ್ಲಿ ಗ್ಯಾರೇಜಿನ ನೆಲಕ್ಕೆ ಬೀಳಿಸಿದ್ದೆ. ಮೂರು ದಿನ ಮಾತು ಬಿಟ್ಟಿದ್ದ ಮಹಾರಾಯ.

ತನ್ನ ಕೈಯಲ್ಲಿ ಆಗಲಿಲ್ಲ. ಶಾರ್ಲೀನ್ ಕೈಯಲ್ಲೂ ಆಗಲಿಲ್ಲ. ಕದ್ದು ನನ್ನ ಹತ್ತಿರವೇ ಕಳಿಸಿದ್ದಾನೆ! ಎದುರಿಗೆ ಬಂದು ಕೇಳುವ ಮುಖವಿಲ್ಲ. ಕಾರ್ಡಿನಲ್ಲಿ ಈ ಸಲವೂ ‘ನಾನೇ’ ಅಂತ ಬರೆಯುವುದಕ್ಕೆ ಮಾತ್ರ ಕೈ ನೆಟ್ಟಗಿದೆ.

ಜೂನ್ 25

ಕೆಡಿಸುವುದು ಸುಲಭ. ಕ್ರೋಮ್ ಹಾಕುವ ಮುಂಚೆ ನಿಕ್ಕಲ್ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಅರ್ಧ ಹೊತ್ತಿಗೇ ಎತ್ತಿಬಿಟ್ಟರೆ ಸಾಕು. ಕೊಡುವ ದಿನ ಕನ್ನಡಿಯಂತಿರುತ್ತದೆ, ಎರಡು ಮಳೆ ಬಿದ್ದರೆ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ.

ಊಟದ ಹೊತ್ತಿನಲ್ಲಿ ತೊಟ್ಟಿಯ ಪಕ್ಕವೇ ನಿಂತಿದ್ದೆ. ಆಸೆ ಬಾಯಿಗೆ ಬಂದಿತ್ತು.

ಆಗಲಿಲ್ಲ. ಸಿಪ್ಪೆ ಎದ್ದರೆ ಹೋಗುವುದು ಕೂಬಿಯಾಕ್ ಅಂಗಡಿಯ ಮಾನ. ‘ರೋವೀನಾ ಉಜ್ಜಿದ್ದು ನಿಲ್ಲಲಿಲ್ಲ’ ಅಂತ ಆಗುತ್ತದೆ. ಅವನಿಗೋಸ್ಕರ ನಾನು ಕೆಟ್ಟ ಕೆಲಸ ಮಾಡಬೇಕಾ? ಅದೂ ಅವನ ಸೇವೆಯೇ ಆಯಿತಲ್ಲ.

ಬೇರೆ ಏನಾದರೂ.

ಜುಲೈ 1

ಸಿಕ್ಕಿತು!!

ಆ ಪ್ರದರ್ಶನದ ತೀರ್ಪುಗಾರ ಆಂಬ್ರೋಸ್, ಹಳೆಯ ಅಂಚೆಯಣ್ಣ, ಮಹಾ ಹಟಮಾರಿ ಮುದುಕ. ಕೋಲಿಗೆ ಕಟ್ಟಿದ ಕನ್ನಡಿಯನ್ನು ಪ್ರತಿ ಬೈಕಿನ ಹೊಟ್ಟೆಯ ಕೆಳಗೂ ತೂರಿಸಿ, ಟಾರ್ಚ್ ಬಿಟ್ಟು ನೋಡುತ್ತಾರೆ. ಮೇಲೆ ಎಲ್ಲರೂ ಹೊಳೆಸುತ್ತಾರೆ, ಗೆಲ್ಲುವುದು ಸೋಲುವುದು ಅಡಿಯಲ್ಲೇ. ವರ್ಲಿನ್ ಆ ಅಡಿಯನ್ನು ಜನ್ಮದಲ್ಲಿ ನೋಡಿದವನಲ್ಲ. ನೆಲದ ಮೇಲೆ ಅಂಗಾತ ಮಲಗುವುದು ನನ್ನ ಪಾಲಿಗಿತ್ತು.

ತಟ್ಟೆಯ ಅಡಿಗೆ ಕೆತ್ತುತ್ತೇನೆ. ತಿರುಗುಮುರುಗಾಗಿ. ಬರಿಗಣ್ಣಿಗೆ ಎಲೆ ಬಳ್ಳಿ, ಕನ್ನಡಿಯಲ್ಲಿ ಮಾತ್ರ ಅಕ್ಷರ.

ಜುಲೈ 8. ಮಂಗಳವಾರ

ಬೆಣ್ಣೆ ಕಾಗದದ ಮೇಲೆ ಬರೆದೆ, ಮಗುಚಿದೆ, ತಟ್ಟೆಯ ಮೇಲೆ ಅಂಟಿಸಿ ಕೆತ್ತಿದೆ. ಸುತ್ತ ಬಳ್ಳಿ, ಎಲೆ, ಎರಡು ದ್ರಾಕ್ಷಿ ಗೊಂಚಲು. ನಾಲ್ಕು ದಿನದ ಊಟದ ಬಿಡುವು ಹೋಯಿತು. ಆಮೇಲೆ ತಾಮ್ರದ ಲೇಪ, ಪೂರಾ ಹೊತ್ತು ನಿಕ್ಕಲ್, ಮೇಲೆ ಕ್ರೋಮ್. ನನ್ನ ಜೀವಮಾನದಲ್ಲಿ ಇಷ್ಟು ಚೆಂದ ಉಜ್ಜಿಲ್ಲ. ದ್ವೇಷಕ್ಕೆ ಇಷ್ಟು ಹೊಳಪಿರುತ್ತದೆ ಅಂತ ಗೊತ್ತಿರಲಿಲ್ಲ.

ಕೂಬಿಯಾಕ್ ಪ್ರತಿ ಸಾಮಾನನ್ನೂ ತಾವೇ ನೋಡದೆ ಕೊಡುವುದಿಲ್ಲ. ತಟ್ಟೆ ಎತ್ತಿಕೊಂಡರು. ಅಡಿ ತಿರುಗಿಸಿದರು. ಹೆಬ್ಬೆರಳಾಡಿಸಿದರು. ತಟ್ಟೆ ಹಿಡಿದುಕೊಂಡು ಕೈತೊಳೆಯುವ ಕೋಣೆಗೆ ಹೋದರು. ಅಲ್ಲಿ ಕನ್ನಡಿಯಿದೆ.

ಬಂದರು. ಕನ್ನಡಕ ತೆಗೆದು ಒರೆಸಿದರು.

"ಬಳ್ಳಿ ಚೆನ್ನಾಗಿ ಬಂದಿದೆ."

"ಬಾಸ್..."

"ನನ್ನ ಕಣ್ಣು ಮಂಜಮ್ಮ. ಬಳ್ಳಿ ಅಷ್ಟೇ ಕಾಣ್ಸಿದ್ದು." ಬಾಗಿಲ ತನಕ ಹೋಗಿ ತಿರುಗಿದರು. "ದ್ರಾಕ್ಷಿ ಸ್ವಲ್ಪ ಜಾಸ್ತಿ ಆಯ್ತು."

ಜುಲೈ 22

ಡ್ವೇನ್ ಬಂದು ಒಯ್ದ. ತಟ್ಟೆಯ ಅಡಿಗೆ ಗೀರು ಬೀಳದಂತೆ ಕಂದು ಕಾಗದ ಅಂಟಿಸಿ, ಬೈಕಿಗೆ ಬಿಗಿದ ಮೇಲೆ ಕಿತ್ತುಬಿಡು ಅಂದೆ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತೇ.

ಜುಲೈ 26. ಶನಿವಾರ

ಐಸ್‌ಕ್ರೀಂ ಅಂಗಡಿ. ಡ್ವೇನ್ ಹತ್ತಿರ ಬಂದು ಪಿಸುಗುಟ್ಟಿದ: "ಆ ತಟ್ಟೆ ಕೆಳಗೆ ಏನೋ ಬಳ್ಳಿ ಡಿಸೈನ್ ಬಿಡಿಸಿದೀರಲ್ಲ, ಫ್ರೆಂಡ್‌ಗೆ ಹೇಳಿದೆ. ಖುಷಿಯಾದ."

"ಅವನು ನೋಡಿದ್ನಾ?"

"ಅವನೆಲ್ಲಿ ಬಗ್ತಾನೆ? ಬೆನ್ನು ನೋವಂತೆ."

ಹತ್ತೊಂಬತ್ತು ವರ್ಷ ನನ್ನನ್ನು ನೆಲಕ್ಕೆ ಮಲಗಿಸಿದ್ದೂ ಅದೇ ಬೆನ್ನು ನೋವಿನ ನೆಪ. ಮೂಗಿನ ತುದಿಯಲ್ಲಿ ಐಸ್‌ಕ್ರೀಂ ಅಂಟಿದ್ದೂ ಗೊತ್ತಾಗಲಿಲ್ಲ ನನಗೆ.

ಆಗಸ್ಟ್ 9. ಬೆಳಿಗ್ಗೆ 5.30

ಮಳೆ.

ಮಳೆ! ಪ್ರದರ್ಶನದ ದಿನವೇ! ಠಾಣೆಯ ಅಂಗಳ ಇಲ್ಲಿಂದ ಇಪ್ಪತ್ತೆರಡು ಮೈಲಿ, ನದಿ ದಂಡೆಯ ರಸ್ತೆ, ಕೆಸರು. ಆಂಬ್ರೋಸರ ಮೊದಲ ನಿಯಮ — ಬೈಕನ್ನು ಒಡೆಯರೇ ಓಡಿಸಿಕೊಂಡು ಬರಬೇಕು. ಟ್ರೇಲರಿನಲ್ಲಿ ಹೇರಿಕೊಂಡು ಬಂದರೆ ಗೇಟಿನಿಂದಲೇ ವಾಪಸ್, ಬೈಕಿನ ಕಡೆ ತಿರುಗಿಯೂ ನೋಡುವುದಿಲ್ಲ.

ಚೀಲಕ್ಕೆ ನಾಲ್ಕು ಬಟ್ಟೆ, ಪಾಲಿಶ್ ಡಬ್ಬಿ, ಬ್ರಷ್ಷು. ಡೈರಿಗೆ ಪ್ಲಾಸ್ಟಿಕ್ ಚೀಲ. ಹೊರಟೆ.

ಅದೇ ದಿನ, 10.15. ಠಾಣೆಯ ಅಂಗಳ, ಟೆಂಟಿನ ಕೆಳಗೆ

ತೊಯ್ದು ತೊಪ್ಪೆ. ಮಳೆ ನಿಂತಿದೆ. ಕೋಳಿ ಸುಡುವ ಹೊಗೆ.

ಬರುವಾಗ ದನದ ಮೇವಿನ ಅಂಗಡಿಯ ಹಿಂದೆ ಕಂಡಿತು. ಮುಚ್ಚಿದ ಟ್ರೇಲರ್, ಇಳಿಜಾರು ಹಲಗೆ, ಡ್ವೇನ್ ಕೊಡೆ ಹಿಡಿದಿದ್ದಾನೆ, ವರ್ಲಿನ್ ಬೈಕ್ ಇಳಿಸುತ್ತಿದ್ದಾನೆ! ಇಲ್ಲಿಂದ ಕಾಲು ಮೈಲಿ. ಅವನೂ ನನ್ನನ್ನು ನೋಡಿದ. ಮುಖ ಸುಣ್ಣವಾಯಿತು.

ಒಂದು ಮಾತು ಹೇಳಿದರೆ ಸಾಕು, ಇಪ್ಪತ್ತನೇ ವರ್ಷ ಗೇಟಿನಲ್ಲೇ ಮುಗಿಯುತ್ತಿತ್ತು. ಗಾಡಿ ಓಡಿಸುತ್ತಾ ಆ ಮಾತನ್ನು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರ ಬಂದಾಗ ಹೊಳೆಯಿತು — ಅವನನ್ನು ವಾಪಸ್ ಕಳಿಸಿದರೆ ಕನ್ನಡಿ ಅವನ ಬೈಕಿನ ಕೆಳಗೆ ಹೋಗುವುದೇ ಇಲ್ಲ! ನನ್ನ ಬಳ್ಳಿ ಯಾರಿಗೂ ಕಾಣದೆ ಮನೆಗೆ ಹೋಗುತ್ತದೆ.

ಅಷ್ಟರಲ್ಲಿ ಆಂಬ್ರೋಸರೇ ಬಂದರು. ವರ್ಲಿನ್‌ನ ಬೈಕಿನ ಮೇಲೆ ಕೆಸರೇ ಇಲ್ಲ, ಅವರಿಗೆ ಗುಮಾನಿ.

"ರೋವೀನಾ, ನೀನೂ ನದಿ ರಸ್ತೇಲೇ ಬಂದೆ ತಾನೆ? ಇವನು ಓಡಿಸ್ಕೊಂಡು ಬಂದ್ನಾ, ಇಲ್ಲ ಹೇರ್ಕೊಂಡು ಬಂದ್ನಾ? ನಿನ್ನ ಮಾತು ನಂಬ್ತೀನಿ."

ವರ್ಲಿನ್ ಹತ್ತು ಹೆಜ್ಜೆ ಆಚೆ. ಒರೆಸಿದ ಟ್ಯಾಂಕನ್ನೇ ಮತ್ತೆ ಒರೆಸುತ್ತಿದ್ದ.

"ಓಡಿಸ್ಕೊಂಡೇ ಬಂದ. ನನ್ನ ಹಿಂದೇನೇ ಇದ್ದ" ಅಂದೆ.

ಮುದುಕರು ತಲೆಯಾಡಿಸಿ ಹೋದರು. ವರ್ಲಿನ್ ಬಂದು ತಗ್ಗಿದ ದನಿಯಲ್ಲಿ, "ನೀನು ಒಳ್ಳೇವಳು ಕಣೇ, ಯಾವಾಗ್ಲೂ" ಅಂದ. ಕಣ್ಣಲ್ಲಿ ನೀರು! ಅಯ್ಯೋ ಪಾಪ. ಬೆನ್ನು ತಟ್ಟಿ ಬೇರೆ ಹೋದ.

ಕರೆಯುತ್ತಿದ್ದಾರೆ. ನನ್ನ ಬೈಕ್ ಒರೆಸಬೇಕು.

ಅದೇ ದಿನ, ಸಂಜೆ 6

ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದೊಂದೇ ಬರೆಯುತ್ತೇನೆ, ಅವಸರವಿಲ್ಲ.

ಮೊದಲು ಚಿಕ್ಕ ಎಂಜಿನ್‌ಗಳ ಸಾಲು. ಮೂರೇ ಬೈಕು. ಆಂಬ್ರೋಸ್ ಪೈ ತಟ್ಟೆ ನೋಡಿ ನಕ್ಕರು, ಸೌಟು ನೋಡಿ ಶಿಳ್ಳೆ ಹಾಕಿದರು. "ಭಲೇ!" ಅಂದರು. ಆಮೇಲೆ ಕನ್ನಡಿ ಕೆಳಗೆ ತೂರಿಸಿದರು.

"ರೋವೀನಾ... ಇದೇನಮ್ಮ?"

ಬಗ್ಗಿ ನೋಡಿದೆ. ಇಪ್ಪತ್ತೆರಡು ಮೈಲಿಯ ಕೆಸರು, ಇಷ್ಟಿಷ್ಟು ದಪ್ಪ, ಜೋತಾಡುತ್ತಿದೆ. ಅಡಿ ಒರೆಸಿರಲೇ ಇಲ್ಲ! ಹತ್ತೊಂಬತ್ತು ವರ್ಷ ಅವನ ಬೈಕಿನ ಅಡಿ ಮರೆಯದವಳು ನನ್ನ ಬೈಕಿನದನ್ನು ಮರೆತೆ. ಬೆಳಿಗ್ಗೆಯಿಂದ ಕಣ್ಣೆಲ್ಲ ಅವನ ತಟ್ಟೆಯ ಮೇಲೆ. ಕಪಾಳಕ್ಕೆ ಯಾರೋ ಹೊಡೆದಂತಾಯಿತು. ಮೂರರಲ್ಲಿ ಮೂರನೆಯದು ಬಂತು. ವರ್ಲಿನ್ ದೂರದಿಂದ ಹೊಲಿಗೆ ಮಷೀನ್ ತುಳಿಯುವ ಹಾಗೆ ಕಾಲು ಆಡಿಸಿ ತೋರಿಸಿದ. ಬೆಳಿಗ್ಗೆಯ ಕಣ್ಣೀರು ಅಷ್ಟು ಬೇಗ ಆರಿತ್ತು.

ಆಮೇಲೆ ದೊಡ್ಡವರ ಸಾಲು. ಅವನ ಕಾರ್ಡಿನಲ್ಲಿ ಓದಿದೆ — ಕೆಲಸ ಮಾಡಿದವರು: ನಾನೇ.

ಆಂಬ್ರೋಸ್ ಮಂಡಿಯೂರಿದರು. ಟಾರ್ಚ್. ಕನ್ನಡಿ. ಸುತ್ತ ಇಪ್ಪತ್ತು ಮೂವತ್ತು ಜನ, ಕೈಯಲ್ಲಿ ಜೋಳದ ತೆನೆ. ಮುದುಕರು ಕತ್ತು ಓರೆ ಮಾಡಿದರು. ಟಾರ್ಚ್ ಹತ್ತಿರ ಹಿಡಿದರು. ಆಮೇಲೆ ಅಂಚೆಯಣ್ಣನ ಹಳೆಯ ದನಿಯಲ್ಲಿ, ವಿಳಾಸ ಓದುವ ಹಾಗೆ, ಜೋರಾಗಿ ಓದಿದರು:

"ಹತ್ತೊಂಬತ್ತು ವರ್ಷ ಇದನ್ನು ಉಜ್ಜಿದ್ದು ನಾನು. ಈ ವರ್ಷವೂ ನಾನೇ. ರೋವೀನಾ."

ಯಾರೋ ತೆನೆ ಕಡಿಯುವುದನ್ನು ನಿಲ್ಲಿಸಿದರು.

"ಏನದು? ಎಲ್ಲಿ?" ವರ್ಲಿನ್ ಬಗ್ಗಿದ. ಬೆನ್ನು ನೋವೆಲ್ಲ ಎಲ್ಲಿ ಹೋಯಿತೋ, ಕೆಸರಿನಲ್ಲೇ ಹೊಟ್ಟೆಯ ಮೇಲೆ ಮಲಗಿ ನೋಡಿದ. ಎದ್ದಾಗ ಅಂಗಿಯೆಲ್ಲ ಮಣ್ಣು, ಮುಖ ಕೆಂಪು.

"ಇವಳು ಸುಳ್ಳು ಹೇಳ್ತಿದಾಳೆ! ಮಹಾ ಸುಳ್ಳಿ ಇವಳು!"

ಆಂಬ್ರೋಸ್ ನಿಧಾನವಾಗಿ ಎದ್ದು ಮಂಡಿ ಕೊಡವಿಕೊಂಡರು. "ಸುಳ್ಳಿನಾ? ಬೆಳಿಗ್ಗೆ ಇವಳ ಒಂದು ಮಾತಿನ ಮೇಲೇ ನಿನ್ನನ್ನ ಒಳಗೆ ಬಿಟ್ಟಿದ್ದು ಕಣಪ್ಪ. ಅದೂ ಸುಳ್ಳಾ ಹಂಗಾದ್ರೆ?"

ವರ್ಲಿನ್ ನನ್ನ ಕಡೆ ತಿರುಗಿದ. ಆಗ ಅರ್ಥವಾಯಿತು ಅವನಿಗೆ. ಹೌದು ಅಂದರೆ ಟ್ರೇಲರ್ ಹೊರಬರುತ್ತದೆ, ಇಲ್ಲ ಅಂದರೆ ತಟ್ಟೆ ನಿಜವಾಗುತ್ತದೆ. ನಾನು ನಿಂತಿದ್ದೆ, ಚಿಂದಿ ಬಟ್ಟೆ ಹಿಡಿದುಕೊಂಡು. ಬೆಳಿಗ್ಗೆ ಆ ಸುಳ್ಳನ್ನು ಇಷ್ಟು ದೂರ ಯೋಚಿಸಿ ಹೇಳಿದ್ದಲ್ಲ, ದೇವರಾಣೆ. ತಾನಾಗಿ ಬಂದು ಕೂತ ಬೋನು.

"ಇದನ್ನ ಯಾರು ಉಜ್ಜಿದ್ರು ವರ್ಲಿನ್?" ಆಂಬ್ರೋಸ್ ಮತ್ತೆ ಕೇಳಿದರು.

ನೆಲ ನೋಡುತ್ತಾ ಅಂದ: "ನನ್ನ ಹೆಂಡ್ತಿ."

ಪಕ್ಕದಲ್ಲೇ ಶಾರ್ಲೀನ್ ನಿಂತಿದ್ದಳು.

ಆಂಬ್ರೋಸ್ ಕಾರ್ಡಿನ ಮೇಲೆ ‘ನಾನೇ’ ಎಂಬುದಕ್ಕೆ ಗೀಟು ಹಾಕಿ, ಅದರ ಮೇಲೆ ನನ್ನ ಹೆಸರು ಬರೆದು, ಎಲ್ಲರಿಗೂ ಕಾಣುವಂತೆ ಹ್ಯಾಂಡಲ್ಲಿಗೆ ಸಿಗಿಸಿದರು. ಬಹುಮಾನ ಬೇರೆಯವರಿಗೆ. ಕೂಬಿಯಾಕ್ ಕೋಳಿಯ ಸಾಲಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ ಹ್ಯಾಟ್ ಎತ್ತಿದರು.

ಮನೆ ತನಕ ಹಾಡಿಕೊಂಡು ಬಂದೆ. ಹೊಲಿಗೆ ಮಷೀನೂ ಹಾಡಿತು.

ಆಗಸ್ಟ್ 12. ಮಂಗಳವಾರ

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಶಾರ್ಲೀನ್. ಕಾರಿನ ಡಿಕ್ಕಿಯಿಂದ ಎರಡು ಬಟ್ಟೆ ಬುಟ್ಟಿ ಇಳಿಸಿದಳು. ಹತ್ತೊಂಬತ್ತು ಟ್ರೋಫಿ.

"ಅವನಿಗೆ ಗೊತ್ತಿಲ್ಲ. ಇದು ನಮ್ಮನೇಲಿರೋದು ನಂಗೆ ಬೇಡ."

"ನಂಗ್ಯಾಕೆ? ಅವನ ಹೆಸರಿದೆ ಅದ್ರ ಮೇಲೆ."

"ಹೋದ ಚಳಿಗಾಲ ಪೂರ್ತಿ ಆ ಬೈಕನ್ನ ನನ್ನ ಕೈಲಿ ಉಜ್ಜಿಸಿದ." ಎರಡೂ ಕೈ ಚಾಚಿ ತೋರಿಸಿದಳು. ಉಗುರಿನ ಬುಡದಲ್ಲಿ ಕಪ್ಪು. "ಇದು ಹೋಗುತ್ತಾ?"

ಸುಳ್ಳು ಹೇಳಬಹುದಿತ್ತು. "ಹೋಗಲ್ಲ" ಅಂದೆ. ನನಗೆ ಖುಷಿಯಾಯಿತು, ಯಾಕೆ ಮುಚ್ಚಿಡಲಿ. ಕಾಫಿ ಬೇಕಾ ಅಂತಲೂ ಕೇಳಲಿಲ್ಲ. ಕಾರು ತಿರುಗಿಸುವಾಗ ಅವಳು ಅಳುತ್ತಿದ್ದಳು. ಅಳಲಿ, ಐಸ್‌ಕ್ರೀಂ ಅಂಗಡಿಯಲ್ಲಿ ನಕ್ಕಿದ್ದಕ್ಕೆ.

ಆಗಸ್ಟ್ 16. ಶನಿವಾರ, ಮಧ್ಯಾಹ್ನ

ಅಂಗಡಿ ಅರ್ಧ ದಿನ. ಎಲ್ಲರೂ ಹೋದರು. ಕೂಬಿಯಾಕ್ ಕೀಲಿ ನನ್ನ ಮೇಜಿನ ಮೇಲಿಟ್ಟು ಹೋದರು.

ಹತ್ತೊಂಬತ್ತೂ ಸಾಲಾಗಿ ನಿಲ್ಲಿಸಿದ್ದೇನೆ. ಒಂದೊಂದರ ಬುಡದಲ್ಲೂ ಹಿತ್ತಾಳೆ ಫಲಕ, ಒಂದೊಂದರಲ್ಲೂ ಅವನ ಹೆಸರು. ಈ ಫಲಕಗಳನ್ನೂ ಪ್ರತಿ ಕ್ರಿಸ್‌ಮಸ್ಸಿಗೆ ಉಜ್ಜುತ್ತಿದ್ದೆ, ಹೆಸರು ಅಳಿಸದ ಹಾಗೆ, ಮೆತ್ತಗೆ.

ಉಜ್ಜೋದು ಕೆಲಸ ಅಲ್ಲವಂತೆ.

ಒರಟು ಚಕ್ರ ಹಚ್ಚಿದೆ. 1978ರ ಟ್ರೋಫಿ ಕೈಗೆತ್ತಿಕೊಂಡೆ. ಅವನ ಹೆಸರಿನ ಮೊದಲ ಅಕ್ಷರ ಹೋಯಿತು. ಎರಡನೆಯದು ಹೋಯಿತು. ಹಿತ್ತಾಳೆ ಬಿಸಿಯಾಗಿದೆ, ಆರಲಿ ಅಂತ ಇಷ್ಟು ಬರೆಯುತ್ತಿದ್ದೇನೆ. ಕಿಟಕಿಯಾಚೆ ಅವನ ಬೈಕಿನ ಸದ್ದು, ಅಂಗಡಿಯ ಮುಂದೆಯೇ ನಿಂತಿತು. ಬಾಗಿಲು ಬಡಿಯುತ್ತಿದ್ದಾನೆ. ಬಡಿಯಲಿ. ಇನ್ನೂ ಹದಿನೆಂಟಿವೆ. ಹಿತ್ತಾಳೆ ಆರಿತು, ಈಗ ಮೂರನೆಯ ಅಕ್ಷರ.